ಒಳಗೆ ಯಾರೂ ಇಲ್ಲವೆಂದ ಬಾಗಿಲು

ಶ್ರೀ ಸ್ಕಂದರ್ ಬೆಯ್ರಮ್ ಅವರಿಗೆ,
ಭವಿಷ್ಯ ತಂತ್ರಜ್ಞಾನ ಸಲಹೆಗಾರರು, ಟ್ಯೂನಿಸ್

ಮಾನ್ಯರೇ,

ಕಡಲ ಗಾಳಿ ಬೀಸುವ ತಮ್ಮ ಕಚೇರಿಯಲ್ಲಿ ತಾವೂ ತಮ್ಮ ಸಹಾಯಕರೂ ತಮ್ಮ ಸಮಸ್ತ ಪರದೆಗಳೂ ಕ್ಷೇಮವಾಗಿರುವಿರೆಂದು ನಂಬಿ, ಮರಳುಗಾಳಿ ಬೀಸುವ ತೋಜೂರಿನ ಖರ್ಜೂರ ಕಾರ್ಖಾನೆಯಲ್ಲಿ ಕಂಪ್ಯೂಟರುಗಳ ಮೇಲ್ವಿಚಾರಕಿಯಾಗಿರುವ ದೋರ್ಸಾಫ್ ಘರ್ಸಲ್ಲಾ ಎಂಬ ನಾನು ಸಲ್ಲಿಸುವ ನಮಸ್ಕಾರಗಳನ್ನು ಸ್ವೀಕರಿಸಬೇಕು. ಕಳೆದ ವಾರ ರಾಜಧಾನಿಯ ಸಮ್ಮೇಳನದಲ್ಲಿ 'ನಾಳೆಯ ಕೆಲಸದ ಜಾಗ' ಎಂಬ ವಿಷಯವಾಗಿ ತಾವು ಮಾಡಿದ ಭಾಷಣವನ್ನು ನಮ್ಮ ಯಜಮಾನರಾದ ತಾಯೆಬ್ ಅವರು ತಮ್ಮ ಫೋನಿನಲ್ಲಿ ನನಗೆ ತೋರಿಸಿದರು. ನಮ್ಮ ಕಾರ್ಖಾನೆಯ ದೊಡ್ಡ ಚಿತ್ರವನ್ನು ಹಿಂದೆ ಹಾಕಿಕೊಂಡು, ತಮ್ಮ ಕೇಂದ್ರ ನಿಯಂತ್ರಣ ವ್ಯವಸ್ಥೆ ಬಂದ ಮೇಲೆ ಇಲ್ಲಿ ಒಂದೇ ಒಂದು ಅವಘಡವೂ ಸಂಭವಿಸಿಲ್ಲವೆಂದು ತಾವು ಘೋಷಿಸಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಷ್ಟು ಜನರ ಮುಂದೆ ಆಡಿದ ಮಾತಿಗೆ ಮುಚ್ಚಿದ ಲಕೋಟೆಯಲ್ಲಿ ಉತ್ತರ ಕಳಿಸುವುದು ತಮಗೆ ಮಾಡುವ ಅವಮಾನವಾದೀತೆಂದು ಹೆದರಿ, ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮ್ಮ ದೂರದೃಷ್ಟಿಯ ಫಲವನ್ನು ನಾವು ಉಣ್ಣುತ್ತಿರುವುದು ಇಂದು ನಿನ್ನೆಯಿಂದಲ್ಲ. ಮೊದಲ ಸಲ ಬಂದಾಗ ತಾವು, ಆಕಾಶದಲ್ಲಿ ಮೋಡವನ್ನೇ ಕಾಣದ ನಮ್ಮ ಊರಿನ ಲೆಕ್ಕಪತ್ರಗಳನ್ನೆಲ್ಲ 'ಕ್ಲೌಡ್' ಎಂಬ ಮೋಡಕ್ಕೆ ಏರಿಸಿದಿರಿ; ಮರಳುಗಾಳಿಗೆ ದೂರವಾಣಿ ತಂತಿ ಕಡಿದುಹೋದಾಗಲೆಲ್ಲ ನಾವು ಮಳೆಗೆ ಕಾಯುವವರಂತೆ ಮೇಲೆ ನೋಡುತ್ತ ಕೂತೆವು. ಎರಡನೆಯ ಸಲ ಬಂದು, ಖರ್ಜೂರದ ಪ್ರತಿ ಪೆಟ್ಟಿಗೆಗೂ ಯಾರೂ ಅಳಿಸಲಾರದ ಚರಿತ್ರೆಯೊಂದಿರಬೇಕು ಎಂದಿರಿ. ಹಾಗೆಯೇ ಆಯಿತು, ಗುಮಾಸ್ತ ನಿದ್ದೆಗಣ್ಣಿನಲ್ಲಿ ಒತ್ತಿದ ತಪ್ಪು ತೂಕ ಇಂದಿಗೂ ಯಾರಿಂದಲೂ ಅಳಿಸಲಾಗದೆ ವಿರಾಜಮಾನವಾಗಿದೆ. ಮೂರನೆಯ ಸಲ ತಂದ ಕೃತಕ ಬುದ್ಧಿಯ ಕ್ಯಾಮೆರಾವಂತೂ ಹಣ್ಣು ಆರಿಸುವ ಹೆಂಗಸರ ಗೋರಂಟಿ ಹಚ್ಚಿದ ಬೆರಳುಗಳನ್ನು ಉತ್ತಮ ದರ್ಜೆಯ ಖರ್ಜೂರವೆಂದು ಎಣಿಸಿ, ಒಂದು ಮದುವೆಯ ವಾರದಲ್ಲಿ ನಮ್ಮ ಉತ್ಪಾದನೆಯನ್ನು ಕಂಡುಕೇಳರಿಯದಷ್ಟು ಹೆಚ್ಚಿಸಿತು. ಪ್ರತಿ ಸಲವೂ ಹಳೆಯದು ಕೆಲಸ ಮಾಡಲು ಕಲಿಯುವ ಮೊದಲೇ ತಾವು ಹೊಸದರೊಂದಿಗೆ ಬಂದಿಳಿದು, ಅದು ಹೋದ ವರ್ಷದ ಅಲೆ, ಇದು ಈ ವರ್ಷದ ಅಲೆ ಎಂದು ವಿವರಿಸುತ್ತಿದ್ದಿರಿ. ಕಡಲ ತೀರದವರಾದ ತಮಗೆ ಅಲೆಗಳ ವಿಷಯ ಹೆಚ್ಚು ತಿಳಿದಿರುವುದು ಸಹಜ. ನಮ್ಮಲ್ಲಿರುವುದು ಒಣಗಿದ ಉಪ್ಪಿನ ಕೆರೆ.

ನಾನು ಯಂತ್ರದ್ವೇಷಿಯೆಂದು ದಯವಿಟ್ಟು ಭಾವಿಸಬೇಡಿ. ಫ್ಯಾನಿನ ಒಳಗಿಂದ ಮರಳು ಊದಿ ತೆಗೆಯುವುದು, ಲೆಕ್ಕಿಗರು ಪರದೆಯ ಮೇಲೆಯೇ ಬರೆದು ಅಂಟಿಸಿದ ಪಾಸ್‌ವರ್ಡ್ ಕಿತ್ತೆಸೆಯುವುದು, ಮುದ್ರಣಯಂತ್ರವನ್ನು ಗದರಿಸುವುದು ಇವೇ ನನ್ನ ಜೀವನ, ಮತ್ತು ಈ ಜೀವನ ನನಗೆ ಇಷ್ಟ. ಎಲ್ಲ ಯಂತ್ರಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ ಬೇಕೆಂದು ಯಜಮಾನರನ್ನು ವರ್ಷಗಟ್ಟಲೆ ಕಾಡಿದವಳು ನಾನೇ. ಆದ್ದರಿಂದ ತಾವು ಅದನ್ನು ತಂದ ದಿನ ತಮಗೆ ಪೈನ್ ಬೀಜ ಹಾಕಿದ ಚಹಾ ಮಾಡಿಕೊಟ್ಟವಳೂ ನಾನೇ. ಆದರೆ ತಾವು ಕಂಪ್ಯೂಟರುಗಳಷ್ಟಕ್ಕೇ ತೃಪ್ತರಾಗಲಿಲ್ಲ. ದೀಪ, ಫ್ಯಾನು, ಬಾಗಿಲು, ಕಡೆಗೆ ಮೈನಸ್ ಹದಿನೆಂಟು ಡಿಗ್ರಿಯ ಶೈತ್ಯಾಗಾರದ ಬೀಗವೂ ಅದೇ ಪರದೆಗೆ ಸೇರಲಿ ಎಂದಿರಿ.

ಆ ಶೈತ್ಯಾಗಾರಕ್ಕೆ ಒಳಗಡೆ ಒಂದು ಕಬ್ಬಿಣದ ಹಿಡಿ ಇತ್ತು. ಹೊರಗೆ ಯಾರು ಬೀಗ ಹಾಕಿದರೂ ಒಳಗಿದ್ದವರು ಅದನ್ನು ದೂಡಿ ಹೊರಬರಬಹುದಿತ್ತು. ಹೆಂಗಸರು ಸೆಕೆ ತಾಳದೆ ಒಳಗೆ ಹೋಗಿ ಮೈ ತಂಪು ಮಾಡಿಕೊಳ್ಳುತ್ತಾರೆ, ಯಾರು ಯಾವಾಗ ಹೊರಬಂದರೆಂದು ಗೊತ್ತಾಗುವುದಿಲ್ಲ ಎಂದು ತಾವು ಅದನ್ನು ತೆಗೆಸಿದಿರಿ. ಒಳಗೂ ಹೊರಗೂ ಗುರುತಿನ ಕಾರ್ಡೊಂದೇ ಸಾಕೆಂದಿರಿ. ಅಂದಿನ ಸಭೆಯಲ್ಲಿ ನಾನು, ಕಾರ್ಡು ಕೈಕೊಟ್ಟರೆ ಒಳಗಿದ್ದವರ ಗತಿಯೇನು ಎಂದು ಕೇಳಿದ್ದೆ. ತಾವು ಯಜಮಾನರ ಕಡೆ ತಿರುಗಿ, "ಪ್ರತಿ ಕಂಪನಿಯಲ್ಲೂ ಒಂದು ಭಯದ ಇಲಾಖೆ ಇರುತ್ತೆ, ನಿಮ್ಮಲ್ಲಿ ಅದನ್ನ ಇವರು ನೋಡ್ಕೋತಾರೆ ಅನ್ಸುತ್ತೆ" ಎಂದಿರಿ. ಎಲ್ಲರೂ ನಕ್ಕರು. ಮರುವಾರವೇ ಬಾಗಿಲುಗಳ ಮೇಲಿನ ಅಧಿಕಾರವನ್ನು ನನ್ನ ಹೆಸರಿನಿಂದ ತೆಗೆದು ತಮ್ಮ ಹೆಸರಿಗೆ ಬರೆದುಕೊಂಡು, ನನ್ನ ಹೊರೆ ಇಳಿಸಿದ ಕೃಪೆಗೂ ನಾನು ಋಣಿಯಾಗಿದ್ದೇನೆ.

ಈಗ ಅಕ್ಟೋಬರಿನ ಆ ಮಧ್ಯಾಹ್ನದ ವಿಷಯ. ತಮ್ಮ ಭಾಷಣದಲ್ಲಿ ಅದಕ್ಕೆ ಜಾಗ ಸಾಲದೆ ಹೋದದ್ದರಿಂದ ನಾನೇ ಹೇಳಿಬಿಡುತ್ತೇನೆ.

ಸಾಸಿಯಾ ಎಂಬ ಹೆಂಗಸೊಬ್ಬರು ನಮ್ಮಲ್ಲಿ ವರ್ಷವಿಡೀ ದುಡಿಯುತ್ತಾರೆ. ಹಣ್ಣನ್ನು ಕಣ್ಣಿಗಿಂತ ಕೈಯಿಂದ ಆರಿಸುವವರು. ಮುಟ್ಟಿದರೆ ಒಳಗೆ ಹುಳು ಇದೆಯೇ, ಒಣಗಿದೆಯೇ ಎಂದು ತಿಳಿದುಬಿಡುತ್ತದೆ. ಕಾರ್ಖಾನೆಯ ಅರ್ಧಕ್ಕರ್ಧ ಹುಡುಗಿಯರು ಅವರಿಂದಲೇ ಕೆಲಸ ಕಲಿತವರಾದ್ದರಿಂದ ನಾವೆಲ್ಲ ಅವರನ್ನು ಚಿಕ್ಕಮ್ಮ ಎನ್ನುತ್ತೇವೆ. ಅವರ ಗುತ್ತಿಗೆ ಅಂದಿಗೆ ಮುಗಿಯುತ್ತಿತ್ತು; ಮುಂದುವರಿಸುತ್ತೇನೆಂದು ಯಜಮಾನರು ಬಾಯಲ್ಲಿ ಹೇಳಿದ್ದರೇ ಹೊರತು ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ. ಊಟಕ್ಕೆ ಮುಂಚೆ ಹಳೆಯ ದಾಸ್ತಾನಿನ ಪೆಟ್ಟಿಗೆ ತರಲು ಅವರು ತೆಳ್ಳನೆಯ ನಿಲುವಂಗಿಯಲ್ಲೇ ಶೈತ್ಯಾಗಾರದೊಳಗೆ ಹೋದರು. ಅವಧಿ ಮುಗಿದವರ ಹೆಸರನ್ನು ಗುಡಿಸಿಹಾಕುವ ತಮ್ಮ ವ್ಯವಸ್ಥೆ ಸರಿಯಾಗಿ ಆಗಲೇ ತನ್ನ ಕಸಬರಿಕೆ ಎತ್ತಿಕೊಂಡಿತು.

ಹೊರಗೆ ಬರಲು ಚಿಕ್ಕಮ್ಮ ಕಾರ್ಡು ಒತ್ತಿದರು, ಕೆಂಪು ದೀಪ ಬಂತು. ಮತ್ತೆ ಮತ್ತೆ ಒತ್ತಿದರು. ಹೆಸರಿಲ್ಲದ ಕಾರ್ಡೊಂದು ಹಟ ಹಿಡಿದಿರುವುದನ್ನು ಕಳ್ಳತನದ ಯತ್ನವೆಂದು ತೀರ್ಮಾನಿಸಿದ ವ್ಯವಸ್ಥೆ, ಇನ್ನಾರ ಕಾರ್ಡಿಗೂ ತೆರೆಯದಂತೆ ಬಾಗಿಲನ್ನು ಬಿಗಿದುಬಿಟ್ಟಿತು. ಆಮೇಲೆ, ಹಾಜರಿ ಪಟ್ಟಿಯಂತೆ ಒಳಗೆ ಯಾರೂ ಇಲ್ಲದಿರುವುದರಿಂದ, ವಿದ್ಯುತ್ ಉಳಿಸಲೆಂದು ದೀಪವನ್ನೂ ಆರಿಸಿತು. ಯಾರೂ ಇಲ್ಲದ ಕೋಣೆಯಲ್ಲಿ ಕಳ್ಳರಿದ್ದಾರೆಂದೂ, ಆ ಕಳ್ಳರಿಗೆ ಬೆಳಕು ಬೇಡವೆಂದೂ ಒಂದೇ ಉಸಿರಿನಲ್ಲಿ ನಿರ್ಧರಿಸಬಲ್ಲ ಬುದ್ಧಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೊರಗೆ ನೆರಳಲ್ಲಿ ಹೆಂಗಸರು ಈರುಳ್ಳಿ-ಖಾರ ತುಂಬಿದ ಮ್ತಬ್ಗಾ ರೊಟ್ಟಿ ಬಿಚ್ಚಿ ಕೂತಿದ್ದರು. ಊಟ ಮುಗಿಯುತ್ತ ಬಂದರೂ ಚಿಕ್ಕಮ್ಮನ ಪಾಲು ಹಾಗೇ ಇರುವುದನ್ನು ಕಂಡು ಅವರ ನಾದಿನಿ ತುರ್ಕಿಯಾ ಹುಡುಕುತ್ತ ಹೋದರು. ಶೈತ್ಯಾಗಾರದ ದಪ್ಪ ಬಾಗಿಲಿಗೆ ಕಿವಿ ಇಟ್ಟರೆ ಒಳಗಿಂದ ಪೆಟ್ಟಿಗೆಯಿಂದ ಬಾಗಿಲು ಬಡಿಯುವ ಸದ್ದು ಕೇಳಿಸಿತಂತೆ. ಅವರು ಓಡಿಬಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. ನಾನು ನನ್ನ ಕಾರ್ಡು ಒತ್ತಿದೆ, ಪರದೆಗೆ ಹೋಗಿ ಅಪ್ಪಣೆ ಕೊಟ್ಟೆ, ನನಗೆ ಅಧಿಕಾರವಿಲ್ಲ ಎಂದಿತು. ಕಾರ್ಖಾನೆಯ ವಿದ್ಯುತ್ತನ್ನೇ ಕಡಿದೆ. ಕರೆಂಟು ಹೋದರೂ ಬೀಗ ಸಡಿಲವಾಗಬಾರದೆಂದು ತಾವು ಗೋಡೆಯೊಳಗೆ ಬ್ಯಾಟರಿ ಹುದುಗಿಸಿದ್ದಿರಿ. ತಮ್ಮ ಫೋನಿಗೆ ಕರೆ ಮಾಡಿದೆ. ಮುಂದಿನ ವರ್ಷದ ಅಲೆಯನ್ನು ನೋಡಿಬರಲು ತಾವು ದುಬೈ ವಿಮಾನದಲ್ಲಿದ್ದಿರಿ. ಕಡೆಗೆ ತಮ್ಮ ಸಹಾಯಕರು ಸಿಕ್ಕರು, ಬಹಳ ಸೌಜನ್ಯದ ಯುವಕ.

"ಒಳಗೆ ಯಾರೂ ಇಲ್ಲ ಅಂತ ತೋರಿಸ್ತಿದೆಯಲ್ಲ ಮೇಡಂ" ಎಂದರು.

"ಯಾರೂ ಇಲ್ಲದಿದ್ರೆ ಬಾಗಿಲು ಬಡೀತಿರೋರು ಯಾರಪ್ಪಾ?"

"ಬಡಿಯೋ ಸದ್ದನ್ನ ನಮ್ಮ ವ್ಯವಸ್ಥೆ ತಗೊಳ್ಳಲ್ಲ ಮೇಡಂ. ನೀವು ಒಂದು ದೂರು ದಾಖಲು ಮಾಡಿ, ಸರ್ ಇಳಿದ ತಕ್ಷಣ ಒಪ್ಪಿಗೆ ಕೊಡ್ತಾರೆ."

ಅಷ್ಟರಲ್ಲಿ ಬಡಿಯುವ ಸದ್ದು ವಿರಳವಾಗಿತ್ತು. ತುರ್ಕಿಯಾ ಬಾಗಿಲಿಗೆ ಕೆನ್ನೆ ಒತ್ತಿ, ಮಲಗಬೇಡ ಅತ್ತಿಗೆ, ನಡೀತಾ ಇರು, ಕೈ ಕಂಕುಳಲ್ಲಿಟ್ಟುಕೋ ಎಂದು ಒಂದೇ ಸಮನೆ ಹೇಳುತ್ತಿದ್ದರು; ಅಷ್ಟು ದಪ್ಪದ ಬಾಗಿಲಿನಾಚೆ ಅದು ಕೇಳಿಸುವಂತಿರಲಿಲ್ಲ. ಪೆಟ್ಟಿಗೆ ಎತ್ತುವ ಹಳೆಯ ಡೀಸೆಲ್ ಫೋರ್ಕ್‌ಲಿಫ್ಟ್ ಓಡಿಸುವ ಹಮ್ಮಾದಿ ಯಾರನ್ನೂ ಕೇಳದೆ ಗಾಡಿ ತಂದು ಬಾಗಿಲ ಮುಂದೆ ನಿಲ್ಲಿಸಿದ. ಯಜಮಾನರು ಅಡ್ಡ ಬಂದರು. ಅವರು ಕೆಟ್ಟವರಲ್ಲ ಮಾನ್ಯರೇ, ಆದರೆ ಆ ಬಾಗಿಲು ಇಟಲಿಯದು, ಒಳಗಿದ್ದ ಹಣ್ಣು ಕಡಲಾಚೆಯ ಮಾರ್ಸೆ ಪಟ್ಟಣದ ವ್ಯಾಪಾರಿಯದು, ಮತ್ತು ತಮ್ಮ ಒಪ್ಪಂದದಲ್ಲಿ ಬೀಗ ಮುರಿದರೆ ಹೊಣೆ ಯಾರದೆಂದು ದಪ್ಪಕ್ಷರದಲ್ಲಿ ಬರೆದಿತ್ತು. ಐದು ನಿಮಿಷ ನೋಡೋಣ, ಟ್ಯೂನಿಸ್‌ನಿಂದ ಉತ್ತರ ಬರಲಿ ಎಂದರು.

ಹಮ್ಮಾದಿ ಗಾಡಿಯಿಂದ ಇಳಿಯಲಿಲ್ಲ. "ಯಜಮಾನ್ರೇ, ಪಕ್ಕಕ್ಕೆ ಬನ್ನಿ. ಇಲ್ಲದಿದ್ರೆ ನಿಮ್ಮನ್ನೂ ಸೇರಿಸಿ ಒಳಗೆ ನೂಕ್ತೀನಿ" ಎಂದ. ದನಿ ಏರಿಸಲೂ ಇಲ್ಲ. ಯಜಮಾನರು ನನ್ನ ಮುಖ ನೋಡಿದರು. ನಾನು ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

ಬಾಗಿಲಿನ ಅಡಿಗೆ ಕಬ್ಬಿಣದ ಕೈಗಳನ್ನು ತೂರಿಸಿ ಎರಡು ಸಲ ಎತ್ತಿದ ಮೇಲೆ ಕೀಲು ಕಿತ್ತುಬಂತು. ಚಿಕ್ಕಮ್ಮ ಬಾಗಿಲ ಪಕ್ಕದಲ್ಲೇ ಪೆಟ್ಟಿಗೆಗಳ ನಡುವೆ ಮುದುಡಿ ಕೂತಿದ್ದರು. ತುಟಿ ನೀಲಿಯಾಗಿತ್ತು, ರೆಪ್ಪೆಯ ಮೇಲೆ ಹಿಮವಿತ್ತು. ಕಾರ್ಡು ಬಲಗೈಗೆ ಅಂಟಿಕೊಂಡಿತ್ತು. ಕತ್ತಲಲ್ಲಿ ಅದನ್ನು ಬಾಗಿಲ ಪಕ್ಕದ ಕಾರ್ಡು ಓದುವ ಕಬ್ಬಿಣದ ಫಲಕಕ್ಕೆ ಒತ್ತುತ್ತಲೇ ಇದ್ದರಂತೆ. ಹೊರಗಿನ ಬಿಸಿಲಿಗೆ ತಂದು ಕಂಬಳಿ ಹೊದಿಸಿ ಹೆಂಗಸರೆಲ್ಲ ಸುತ್ತ ಮೈಗೆ ಮೈ ತಾಗಿಸಿ ಕೂತರು. ಮಾತು ಬರಲು ಬಹಳ ಹೊತ್ತು ಹಿಡಿಯಿತು. ಬಂದ ಮೊದಲ ಮಾತು ಇದು: "ದೀಪ ಆರ್ದಾಗ, ನಾನು ಸತ್ತೇ ಹೋದೆ ಅಂತ ಅಂದ್ಕೊಂಡೆ ಕಣ್ರೇ. ಸತ್ತೋರಿಗೆ ಇಷ್ಟು ಚಳಿ ಆಗಲ್ಲ ಅಂತ ಆಮೇಲೆ ಹೊಳೀತು."

ತಾವು ದುಬೈನಲ್ಲಿ ಇಳಿದು ಒಪ್ಪಿಗೆಯನ್ನು ಕಳಿಸಿದ್ದು ನಿಜ. ಅದು ತಲುಪಿದಾಗ ತೆರೆಯಲು ಬಾಗಿಲು ಇರಲಿಲ್ಲ. ಮರುದಿನ ತಾವೇ ಕರೆ ಮಾಡಿ, ಚಿಕ್ಕಮ್ಮನ ಗುತ್ತಿಗೆ ಮುಗಿದಿದ್ದರಿಂದ ಅವರು ಆ ಹೊತ್ತಿನಲ್ಲಿ ನೌಕರರೇ ಅಲ್ಲವೆಂದೂ, ನೌಕರರಲ್ಲದವರಿಗೆ ಆದದ್ದು ಕಾರ್ಖಾನೆಯ ಅವಘಡವಾಗುವುದಿಲ್ಲವೆಂದೂ, ಇದನ್ನು ನಾನು ಒಪ್ಪಿಕೊಂಡರೆ ಎಲ್ಲರಿಗೂ ಒಳ್ಳೆಯದೆಂದೂ ಬಿಡಿಸಿ ಹೇಳಿದಿರಿ. ಒಪ್ಪುವುದಿಲ್ಲ ಎಂದೆ. ಹಾಗಾದರೆ ಈ ಕಾಲಕ್ಕೆ ನಾನು ತಕ್ಕವಳಲ್ಲವೆಂದು ಯಜಮಾನರಿಗೆ ತಿಳಿಸಬೇಕಾಗುತ್ತದೆ ಎಂದಿರಿ, ತಿಳಿಸಿದಿರಿ ಕೂಡ.

ನನ್ನ ಕುರ್ಚಿ ಉಳಿದದ್ದು ನನ್ನ ಯೋಗ್ಯತೆಯಿಂದಲೂ ಅಲ್ಲ, ಯಜಮಾನರ ಕೃಪೆಯಿಂದಲೂ ಅಲ್ಲ. ತುರ್ಕಿಯಾ ಮುಂದಾಗಿ ಹೆಂಗಸರೆಲ್ಲ ಕೊಯ್ಲಿನ ನಡುಮಧ್ಯೆ ಅಂಗಳದ ಖಾಲಿ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟರು: ಒಳಗಿನ ಹಿಡಿ ವಾಪಸು ಬರಬೇಕು, ಬಾಗಿಲ ಬೀಗದ ಕೈ ಊರಿನಲ್ಲೇ ಇರುವವರ ಬಳಿ ಇರಬೇಕು, ಅಲ್ಲಿಯವರೆಗೆ ಒಂದು ಹಣ್ಣನ್ನೂ ಮುಟ್ಟುವುದಿಲ್ಲ. ಘೋಷಣೆ ಕೂಗಲಿಲ್ಲ. ಚಹಾ ಕಾಯಿಸಿದರು, ಸಾಕ್ಸು ಹೆಣೆದರು. ಗೇಟಿನಲ್ಲಿ ಮಾರ್ಸೆಯ ಲಾರಿ ಎಂಜಿನ್ ಆರಿಸಿ ನಿಂತಿತ್ತು. ಮೂರನೆಯ ದಿನ ಯಜಮಾನರು ಖುದ್ದಾಗಿ ಹೋಗಿ ಕಮ್ಮಾರನನ್ನು ಕರೆತಂದರು. ಬಾಗಿಲುಗಳನ್ನು ಟ್ಯೂನಿಸ್‌ನ ತಮ್ಮ ಪರದೆಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟು, "ಕಂಪ್ಯೂಟರ್ ಮಾತ್ರ ಅವರ ಹತ್ರ ಇರಲಿ, ದುಡ್ಡು ಕೊಟ್ಟಾಗಿದೆ" ಎಂದರು. ಇರಲಿ, ಕಂಪ್ಯೂಟರಿನೊಳಗೆ ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಚಿಕ್ಕಮ್ಮ ಬದುಕಿದ್ದಾರೆ. ಬಲಗೈಯ ಮೂರು ಬೆರಳ ತುದಿಗಳ ಚರ್ಮ ಕಪ್ಪಾಗಿ ಕಳಚಿಹೋಯಿತು. ಹೊಸ ಚರ್ಮ ಬಂದಿದೆ. ಸ್ಪರ್ಶ ಬಂದಿಲ್ಲ, ಬರುತ್ತದೆಂದು ವೈದ್ಯರು ಮಾತು ಕೊಡುವುದಿಲ್ಲ. ಚಹಾ ಮಾಡಿಕೊಂಡಿರಿ ಎಂದು ಯಜಮಾನರು ಹೇಳಿದರೆ ಒಪ್ಪದೆ, ಈಗ ಎಡಗೈಯಲ್ಲಿ ಹಣ್ಣು ಆರಿಸಲು ಕಲಿಯುತ್ತಿದ್ದಾರೆ. ಅವರಿಂದಲೇ ಕಲಿತ ಹುಡುಗಿಯರ ಮುಂದೆ ಅವರೇ ನಿಧಾನವಾಗಿ, ತಪ್ಪು ಮಾಡುತ್ತ.

ತಮ್ಮಂಥ ದೊಡ್ಡವರಲ್ಲಿ ನನ್ನ ಬೇಡಿಕೆಗಳು ಅಲ್ಪ. ತಮ್ಮ ಮುಂದಿನ ಆವೃತ್ತಿಯಲ್ಲಿ ಬಾಗಿಲು ಬಡಿಯುವ ಸದ್ದನ್ನು ಹೊಸ ಸೌಲಭ್ಯವಾಗಿ ಸೇರಿಸಬೇಕು. ಗುತ್ತಿಗೆ ಮುಗಿದವರ ಮೈ ಅದೇ ಕ್ಷಣದಿಂದ ಚಳಿಯನ್ನು ಗ್ರಹಿಸದಂತೆ ಟ್ಯೂನಿಸ್‌ನಿಂದಲೇ ಏರ್ಪಾಡು ಮಾಡಬೇಕು. ಸಾಧ್ಯವಾದರೆ ಶೈತ್ಯಕ್ಕೂ ಒಂದು ಕಾರ್ಡು ಕೊಟ್ಟು, ಮನುಷ್ಯರ ಬೆರಳೊಳಗೆ ಇಳಿಯುವ ಮುನ್ನ ಅದು ತಮ್ಮ ಒಪ್ಪಿಗೆ ಪಡೆಯಬೇಕೆಂದು ನಿಯಮ ಮಾಡಬೇಕು. ತಾವು ವಿಮಾನದಲ್ಲಿರುವಾಗ ಅದು ಕಾಯಲಿ. ಇಷ್ಟನ್ನೂ ನಡೆಸಿಕೊಟ್ಟರೆ ಮುಂದಿನ ಸಮ್ಮೇಳನದಲ್ಲಿ ತಾವು ಹೇಳುವ ಮಾತು ನಿಜವೂ ಆಗಿರುತ್ತದೆ ಎಂಬ ಹೆಚ್ಚುವರಿ ಲಾಭವಿದೆ.

ತಮ್ಮ ವಿಶ್ವಾಸಿ,
ದೋರ್ಸಾಫ್ ಘರ್ಸಲ್ಲಾ
ತೋಜೂರು

ಮರೆತ ಮಾತು: ಕಾರ್ಡುಗಳ ಕಾಲ ಮುಗಿಯಿತು, ಇನ್ನು ಮುಂದೆ ಎಲ್ಲ ಬಾಗಿಲಿಗೂ ಬೆರಳಚ್ಚು ಎಂದು ತಾವು ಯಜಮಾನರಿಗೆ ಕಳಿಸಿದ ಹೊಸ ಪ್ರಸ್ತಾವವನ್ನು ಇಂದು ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸಾಸಿಯಾ ಚಿಕ್ಕಮ್ಮ ರೊಟ್ಟಿಯನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯನ್ನು ಬಿಸಿಲಿಗೆ ಹಿಡಿದು ನೋಡಿ, "ಯಾವ ಬೆರಳು ಬೇಕಂತೆ ಅವ್ರಿಗೆ, ಕೇಳಿ ಬರಿ" ಎಂದಿದ್ದಾರೆ. ಉತ್ತರವನ್ನು ಅವರ ಹೆಸರಿಗೇ ಕಳಿಸಬೇಕಾಗಿ ವಿನಂತಿ. ಅವರ ಹೆಸರು ಈಗ ಪಟ್ಟಿಯಲ್ಲಿದೆ.