ಮನಸ್ಸಿನ ಮೂರನೆಯ ಬಾಗಿಲಿಗೆ ಬೋರ್ಡು

ಗುರುಸಿದ್ದವ್ವ: ರಕ್ತ ಸೋರೂ ಅಕ್ಷರ ಬ್ಯಾಡಂದ್ರ ಬ್ಯಾಡ. ಇದೇನು ಸಿನೆಮಾದ ಹೆಸರೋ, ಕುರಿ ಕೊಯ್ಯೂ ಅಂಗಡಿ ಬೋರ್ಡೋ?

ಮುದಕಪ್ಪ: ನಿನಗ ತಿಳಿಯೂದಿಲ್ಲ ಸುಮ್ಕಿರ. ಇದು ಮನಃಶಾಸ್ತ್ರದ ಸಿನೆಮಾ. ನೋಡಿದಾಂವಗ ಮೈ ಜುಮ್ ಅನಬೇಕು.

ಗುರುಸಿದ್ದವ್ವ: ಮನಃಶಾಸ್ತ್ರ ಅಂದ್ರ?

ಮುದಕಪ್ಪ: ಅಂದ್ರ... ಮನಸ್ಸಿನ ಒಳಗ ಹೊಕ್ಕು ನೋಡೂದು.

ಗುರುಸಿದ್ದವ್ವ: ಹೊಕ್ಕು ನೋಡಿದ್ರ ಏನ್ ಕಾಣ್ತೈತಿ?

ಮುದಕಪ್ಪ: ನನಗೇನ್ ಗೊತ್ತು? ನಾ ಬಾಗಲಾ ಹೊರಗ ಬೋರ್ಡ್ ಬರಿಯಾಂವ.

ದಾಂಡೇಲಿಯ ಬಸ್ ಸ್ಟ್ಯಾಂಡಿನ ಹಿಂದೆ, ಮನೆಯ ಮುಂದಿನ ತಗಡಿನ ಚಪ್ಪರದಲ್ಲೇ ಪೇಂಟರ್ ಮುದಕಪ್ಪನ ಅಂಗಡಿ. ಪೇಪರ್ ಮಿಲ್ಲು ಶುರುವಾಗಿ ಊರು ಬೆಳೆದಂತೆಲ್ಲ ಅವನ ಬೋರ್ಡುಗಳೂ ಬೆಳೆದಿದ್ದವು. ಅವನು ಬರೆಯದ ಬೋರ್ಡು ಊರಲ್ಲಿ ಇರಲಿಲ್ಲ. ಅವನ ಹೆಸರಿದ್ದ ಬೋರ್ಡೂ ಇರಲಿಲ್ಲ. ಎಂಟು ದಿನದ ಹಿಂದೆ ಕುಳಗಿ ಕಾಡಿನಲ್ಲಿ ಸಿನೆಮಾ ತೆಗೆಯುತ್ತಿದ್ದ ಚನಬಸಪ್ಪ ಎಂಬ ಡೈರೆಕ್ಟರು ಜೀಪಿನಲ್ಲಿ ಬಂದು, 'ಸಿನೆಮಾದ ಹೆಸರು ನಿಮ್ಮ ಕೈಯಿಂದಾನ ಆಗಬೇಕು. ಪರದೆ ಮ್ಯಾಲ ನಿಮ್ಮ ಹೆಸರೂ ಹಾಕ್ತೇನಿ' ಎಂದು ಹೇಳಿ ಹೋಗಿದ್ದ. ಅಂದಿನಿಂದ ಮುದಕಪ್ಪನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅವನ ಹೆಂಡತಿ ಗುರುಸಿದ್ದವ್ವ ನೀರಿನ ನಳದ ಹತ್ತಿರ ಡಂಗುರ ಸಾರಿದ್ದಲ್ಲದೆ ತವರಿಗೆ ಕಾಗದವನ್ನೂ ಬರೆಸಿದ್ದಳು. 'ಬಣ್ಣ ಬಳಿಯೋ ಅಳಿಯ' ಎಂದು ಮೂಗು ಮುರಿಯುವ ಅಣ್ಣತಮ್ಮಂದಿರು ಹುಬ್ಬಳ್ಳಿಯ ಟಾಕೀಸಿಗೆ ಹೋಗಿ ಆ ಹೆಸರು ಓದಲೆಂಬುದು ಅವಳ ಆಸೆ.

ಗುರುಸಿದ್ದವ್ವ: ಈ ಹೂವು ಬಳ್ಳಿ ಬಿಟ್ಟ ಅಕ್ಷರ ಚಂದ ಐತಿ. ಸಿನೆಮಾದಾಗ ಲಗ್ನಾ ಐತೇನು?

ಮುದಕಪ್ಪ: ಇಲ್ಲ. ನಾಯಕನ ಹೆಂಡತಿ ಬಿಟ್ಟು ಹೋಗ್ಯಾಳಂತ.

ಗುರುಸಿದ್ದವ್ವ: ಹಂಗಾರ ಹೂವು ಯಾರಿಗೆ? ಈ ಹಿಂದ ನೆರಳು ಇರೂ ಅಕ್ಷರ?

ಮುದಕಪ್ಪ: ಅದು ಲಾರಿದು.

ಗುರುಸಿದ್ದವ್ವ: ಲಾರಿ ಹಿಂದ ಬರಿಯೂದನ್ನ ಸಿನೆಮಾದ ಮುಂದ ಬರೀತೀರಿ?

ಮುದಕಪ್ಪ ಆ ಮಾದರಿ ಹಲಗೆಗಳನ್ನು ಪಕ್ಕಕ್ಕೆ ಸರಿಸಿದ. ಅವೆಲ್ಲ ತೋರಿಕೆಗೆ. ಅವನ ನಂಬಿಕೆಯೆಲ್ಲ ಗೋಡೆಗೆ ಆನಿಸಿದ್ದ ಕರಿ ಹಲಗೆಯ ಮೇಲಿತ್ತು. ತನ್ನ ಕೈಯ ಊನ ಅವನಿಗೆ ಗೊತ್ತಿತ್ತು. ಅವನ ಬೋರ್ಡುಗಳಲ್ಲಿ ಮೊದಲ ಅಕ್ಷರ ಆನೆ, ಕೊನೆಯದು ಇರುವೆ. ಹನ್ನೆರಡು ವರ್ಷ ಬರೆದರೂ ಜಾಗ ಸಾಲುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯುವ ಬುದ್ಧಿ ಬಂದಿರಲಿಲ್ಲ. ಅದಕ್ಕೇ ಈ ಸಲ ದಾರ ಕಟ್ಟಿ, ಪಟ್ಟಿ ಇಟ್ಟು, ಎಂಟು ದಿನ ಉಸಿರು ಬಿಗಿಹಿಡಿದು 'ಮನಸ್ಸಿನ ಮೂರನೆಯ ಬಾಗಿಲು' ಎಂದು ಬರೆದಿದ್ದ. ಒಂದು ಅಕ್ಷರ ಇನ್ನೊಂದಕ್ಕಿಂತ ಗೇಣು ಬೇಡ, ಗೋಧಿಕಾಳಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಜೀಪು ಬಂದು ನಿಂತಿತು. ಚನಬಸಪ್ಪ ಇಳಿದವನೇ ಕರಿ ಹಲಗೆಯ ಮುಂದೆ ನಿಂತ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಚನಬಸಪ್ಪ: ಮುದಕಪ್ಪನವರ, ಇದೇನ್ ಮಾಡೀರಿ?

ಮುದಕಪ್ಪ: ಎಂಟು ದಿನದ ಕೆಲಸರೀ ಸಾಹೇಬ್ರ. ತಪ್ಪು ಹುಡುಕ್ರಿ ನೋಡೂಣು.

ಚನಬಸಪ್ಪ: ಒಂದೂ ಇಲ್ಲ! ಅದಕ್ಕ ಹೊಟ್ಟಿ ಉರಿಯಾಕತ್ತೈತಿ. ಇದರಾಗ ಮನಸ್ಸಿಗೆ ಏನೂ ಆಗಿಲ್ಲಲ್ಲ!

ಗುರುಸಿದ್ದವ್ವ: ಆಗಬಾರದಲ್ರೀ ಅಣ್ಣಾರ. ಮನಸ್ಸು ನೆಟ್ಟಗಿದ್ರ ಸಂಸಾರ ನೆಟ್ಟಗ.

ಚನಬಸಪ್ಪ: ನನಗ ನೆಟ್ಟಗಿದ್ದದ್ದು ಬ್ಯಾಡವಾ! ಹಳಿಯಾಳದಾಗ ಹಿಟ್ಟಿನ ಗಿರಣಿ ಬೋರ್ಡ್ ನೋಡಿ ನಾ ಇಲ್ಲಿಗೆ ಬಂದದ್ದು.

'ಶ್ರೀ ಕಲ್ಮೇಶ್ವರ ಹಿಟ್ಟಿನ ಗಿರಣಿ' ಎಂಬ ಆ ಬೋರ್ಡು ಮುದಕಪ್ಪನ ಜನ್ಮದ ಅವಮಾನ. 'ಗಿರಣಿ'ಯ 'ಗಿ' ಹೆಬ್ಬೆರಳಿನಷ್ಟು, 'ರ' ಕಿರುಬೆರಳಿನಷ್ಟು, 'ಣಿ' ಹಲಗೆಯಲ್ಲಿ ಹಿಡಿಸದೆ ಚೌಕಟ್ಟು ಹತ್ತಿತ್ತು. ಹಳಿಯಾಳಕ್ಕೆ ಹೋದಾಗಲೆಲ್ಲ ಅವನು ಆ ಓಣಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದ.

ಮುದಕಪ್ಪ: ಅದ... ಅದು ನಂದಲ್ರೀ.

ಗುರುಸಿದ್ದವ್ವ: ನಿಮ್ದ ಐತಲ್ರೀ ಅದು! ಗಿರಣಿ ಸೋಮಪ್ಪ ಒಂದು ವರ್ಷ ಬೈದಾನ.

ಚನಬಸಪ್ಪ: ನನ್ನ ನಾಯಕನ ಮನಸ್ಸು ಹಂಗ ಐತ್ರೀ. ಮೊದಲ ಅಗಲ ಇರ್ತೈತಿ. ಬರ್ತಾ ಬರ್ತಾ ಎರಡೂ ಕಡಿ ಗ್ವಾಡಿ ಒತ್ತಿ, ಕಡೀಕ ಉಸಿರು ಕಟ್ಟತೈತಿ. ಆ 'ಣಿ' ನೋಡಿ ನಾ ರಸ್ತೆದಾಗ ಅತ್ತೇನಿ! ಮೂರು ವರ್ಷ ಮನಃಶಾಸ್ತ್ರ ಓದಿದ್ರೂ ಅಷ್ಟು ತಿಳಿದಿರಲಿಲ್ಲ.

ಮುದಕಪ್ಪ: ಅದು ಜಾಗಾ ಸಾಲದ್ದಕ್ಕ ಆತ್ರೀ.

ಚನಬಸಪ್ಪ: ಹುಚ್ಚೂ ಹಂಗ ಆಗೂದು!

ಹನ್ನೆರಡು ವರ್ಷ ಮುಚ್ಚಿಟ್ಟುಕೊಂಡ ಹುಣ್ಣನ್ನು ಒಬ್ಬ ಬಿ.ಎ. ಪಾಸಾದವನು ಆಭರಣ ಎನ್ನುತ್ತಿದ್ದಾನೆ. ಸಂತೋಷಪಡಬೇಕೋ ಸಾಯಬೇಕೋ ಮುದಕಪ್ಪನಿಗೆ ತಿಳಿಯಲಿಲ್ಲ. ಹೆಸರಿನ ಆಸೆ ದೊಡ್ಡದು. ಇನ್ನೊಂದು ಹಲಗೆ ತೆಗೆದು, ಬೇಕೆಂದೇ ಅಕ್ಷರಗಳನ್ನು ಚಿಕ್ಕದಾಗಿಸುತ್ತಾ ಬಂದ.

ಚನಬಸಪ್ಪ: ಊಹೂಂ. ಇದು ಹುಚ್ಚಲ್ಲ, ನಾಟಕ.

ಮುದಕಪ್ಪ: ಇಲ್ನೋಡ್ರಿ, ಕೈ ನಡುಗಿಸೇನಿ.

ಚನಬಸಪ್ಪ: ಇದು ಥಂಡಿ ಜ್ವರ. ಹುಚ್ಚು ಬೇಕ್ರೀ, ಹುಚ್ಚು!

ಮೂರು ಹಲಗೆ ಕೆಟ್ಟವು. ಹನ್ನೆರಡು ವರ್ಷ ತಾನಾಗಿ ಬಂದ ತಪ್ಪು ಕೈಕಾಲು ಹಿಡಿದು ಕರೆದರೂ ಬರಲೊಲ್ಲದು. ಚನಬಸಪ್ಪ ಗಡಿಯಾರ ನೋಡಿಕೊಂಡು, ಇನ್ನು ಬೆಳಗಾವಿಯಲ್ಲಿ ಬೇರೆ ಪೇಂಟರನನ್ನು ಹುಡುಕಬೇಕು ಎಂದ. ಅಷ್ಟರಲ್ಲಿ ಚಹಾ ತಂದಿಟ್ಟ ಗುರುಸಿದ್ದವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು.

ಗುರುಸಿದ್ದವ್ವ: ಶ್ರೀ ಎಲ್ಲೈತ್ರೀ?

ಮುದಕಪ್ಪ: ಯಾವ ಶ್ರೀ?

ಗುರುಸಿದ್ದವ್ವ: ಶ್ರೀಕಾರ ಇಲ್ದ ನೀವು ಯಾವತ್ತರ ಬೋರ್ಡ್ ಬರದೀರೇನು? ಗಿರಾಕಿ ದೇವರ ಹೆಸರು ದೊಡ್ಡದು ಬರೀ ಅಂತಾನ. ನೀವು ಅರ್ಧಾ ಹಲಗಿ ದೇವರಿಗೆ ಕೊಟ್ಟು, ಉಳಿದದ್ದರಾಗ ಮಂದೀನ ತುರುಕತೀರಿ. ಶ್ರೀ ಹಾಕಿ ಸುರು ಮಾಡ್ರಿ, ತಪ್ಪು ತಾನ ಬರ್ತೈತಿ.

ಚನಬಸಪ್ಪ: ನನ್ನ ಸಿನೆಮಾದ ಹೆಸರಿನಾಗ ಶ್ರೀ ಇಲ್ಲವಾ!

ಗುರುಸಿದ್ದವ್ವ: ಆಮ್ಯಾಲ ಒರಸಿದ್ರಾತು.

ಮುದಕಪ್ಪ ಕೈ ಮುಗಿದು ಶ್ರೀ ಬರೆದ. ಭಕ್ತಿಯಿಂದ ಬರೆದ, ಹಾಗಾಗಿ ಭಾರೀ ದೊಡ್ಡದಾಯಿತು. ಹಿಂದೆಯೇ 'ಮನಸ್ಸಿನ' ಧಿಮಾಕಿನಿಂದ ಹೊರಟಿತು. 'ಮೂರನೆಯ' ಬರುವಷ್ಟರಲ್ಲಿ ಜಾಗದ ನೆನಪಾಗಿ ಅಕ್ಷರಗಳು ಕುಗ್ಗಿದವು. 'ಬಾಗಿಲು' ಒಂದರ ಮೇಲೊಂದು ಬಿದ್ದು, 'ಲು' ಹಲಗೆಯ ಅಂಚು ಹಿಡಿದು ಜೋತಾಡಿತು. ಮತ್ತೆ ಕೈ ಮುಗಿದು, ಸೀಮೆಎಣ್ಣೆ ಬಟ್ಟೆಯಿಂದ ಶ್ರೀ ಒರೆಸಿದ.

ಚನಬಸಪ್ಪ: ಆಹಾ! ಆ ಖಾಲಿ ಬಿದ್ದ ಜಾಗಾ ನೋಡ್ರಿ! ನನ್ನ ನಾಯಕ ಕಳಕೊಂಡದ್ದೆಲ್ಲಾ ಅಲ್ಲೇ ಐತಿ!

ಗುರುಸಿದ್ದವ್ವ: ಅಲ್ಲಿ ಶ್ರೀ ಇತ್ತಲ್ರೀ.

ಚನಬಸಪ್ಪ: ಅದನ್ನ ಕಳಕೊಂಡಾನ! ಮುದಕಪ್ಪನವರ, ಈಗ ನಿಮ್ಮ ಹೆಸರಿನ ಹಲಗಿ. ಮ್ಯಾಲ 'ಹುಚ್ಚಿನ ಅಕ್ಷರಗಳು' ಅಂತ ಬರೀರಿ, ಕೆಳಗ 'ಮುದಕಪ್ಪ, ದಾಂಡೇಲಿ'.

ಬಣ್ಣದ ಡಬ್ಬಿ ಎತ್ತಿಕೊಡಲು ಹೋದ ಗುರುಸಿದ್ದವ್ವ ಅದನ್ನು ಕೈಯಲ್ಲೇ ಹಿಡಿದು ನಿಂತಳು.

ಗುರುಸಿದ್ದವ್ವ: ಅಂದ್ರ... ನಮ್ಮ ಅಣ್ಣಾರು ಹುಬ್ಬಳ್ಳಿಗೆ ಹೋಗಿ, ರೊಕ್ಕಾ ಕೊಟ್ಟು ಕೂತು, ಇದನ್ನ ಓದೂದು?

ಚನಬಸಪ್ಪ: ಬ್ಯಾಡಂದ್ರ ಹೆಸರು ಬಿಡ್ತೇನವಾ.

ಗುರುಸಿದ್ದವ್ವ: ಬಿಟ್ಟ ಬಿಡ್ರಿ! ನಾ ಇನ್ನೊಂದು ಕಾಗದಾ ಬರಸ್ತೇನಿ.

ಮುದಕಪ್ಪ: ಯಾಕ ಬಿಡಬೇಕು? ಈ ಊರಾಗ, ಹಳಿಯಾಳದಾಗ ಎಲ್ಲಾರ ಹೆಸರೂ ನಾ ಬರದೇನಿ. ಸೋಮಪ್ಪನ ಗಿರಣಿ, ಲಗಮಪ್ಪನ ಖಾನಾವಳಿ, ಹೇರ್ ಕಟಿಂಗ್ ಸಲೂನ್. ನನ್ನ ಹೆಸರು ಒಬ್ರೂ ಬರದಿಲ್ಲ, ನಾನೂ ಬರಕೊಂಡಿಲ್ಲ. ಹುಚ್ಚಂದ್ರ ಹುಚ್ಚು. ಇರಲಿ, ಹೆಸರು ಬೇಕು.

ಗುರುಸಿದ್ದವ್ವ ಕೈಯಲ್ಲಿದ್ದ ಬಣ್ಣದ ಡಬ್ಬಿಯನ್ನು ಅವನ ಹತ್ತಿರ ಸರಿಸಿದಳು. ಅವನು ಶ್ರೀಕಾರ ಬರೆದು, 'ಹುಚ್ಚಿನ ಅಕ್ಷರಗಳು' ಎಂಬುದನ್ನು ಬೇಕಾದಷ್ಟು ಹುಚ್ಚಾಗಿ ಬರೆದು, ಶ್ರೀ ಒರೆಸಿದ. ಆಮೇಲೆ ಕೆಳಗೆ ತನ್ನ ಹೆಸರು ಬರೆದ. ಮು, ದ, ಕ, ಪ್ಪ, ನಾಲ್ಕೂ ಅಕ್ಷರ ನೆಟ್ಟಗೆ, ಸಮವಾಗಿ, ದಾರ ಹಿಡಿದಂತೆ ಕೂತವು.

ಚನಬಸಪ್ಪ: ಅಯ್ಯೋ, ಕೆಡಿಸಿದ್ರಿ! ಇದನ್ನ ಯಾಕ ನೆಟ್ಟಗ ಬರದ್ರಿ? ಇದಕ್ಕೂ ಮೊದಲ ಶ್ರೀ ಹಾಕಬೇಕಿತ್ತು!

ಮುದಕಪ್ಪ ಕುಂಚ ಕೆಳಗಿಟ್ಟು ಡೈರೆಕ್ಟರನ ಮುಖವನ್ನೇ ನೋಡಿದ.

ಮುದಕಪ್ಪ: ಏನ್ರೀ ಸಾಹೇಬ್ರ, ನನ್ನ ಹೆಸರಿಗೆ ನಾನ ಶ್ರೀ ಹಚ್ಚಿಕೊಳ್ಳಾಕ ನನಗೇನ್ ಹುಚ್ಚು ಹಿಡದೈತೇನು?