ಆನೆ ಎಳೆದರೂ ಬಿಚ್ಚದ ಕುರ್ಚಿ

ಬಡಗಿ ಬೆಳಿಗ್ಗೆ ಅಂಗಳದ ಚಕ್ಕೆ ಗುಡಿಸುತ್ತಿದ್ದಾಗ "ಅಪ್ಪಾ" ಎಂಬ ಸಣ್ಣ ದನಿ ಕೇಳಿ ಪೊರಕೆ ಕೈಜಾರಿತು. ಐದು ವರ್ಷದ ಮಗಳು ಹೊಸ ಕುರ್ಚಿಯ ಬೆನ್ನಿನ ಎರಡು ಅಡ್ಡಪಟ್ಟಿಗಳ ನಡುವೆ ಸಿಕ್ಕಿಕೊಂಡಿದ್ದಳು. ತಲೆ ಕುರ್ಚಿಯ ಮುಂದೆ, ಕೈಕಾಲು ಮೈಯೆಲ್ಲ ಹಿಂದೆ.

ಅದು ನರ್ಸಮ್ಮನಿಗೆಂದು ಮಾಡಿದ ಕುರ್ಚಿ. ಹುಟ್ಟಿದಾಗ ಅಳದೆ ತಣ್ಣಗೆ ಮಲಗಿದ್ದ ಈ ಮಗಳಿಗೆ ಉಸಿರು ತರಿಸಿದವರು ಅವರೇ. ಈಗ ವರ್ಗವಾಗಿ ಸಂಜೆಯ ಬಸ್ಸಿಗೆ ಹೊರಟಿದ್ದರು. ಬರಿಗೈಯಲ್ಲಿ ಕಳಿಸಲು ಮನಸ್ಸು ಬಾರದೆ ಬಡಗಿ, ಕಡಿದ ಬುಡದಲ್ಲಿ ಮತ್ತೆ ಚಿಗುರಿ ಬೆಳೆದ ಹಸಿ ಕೋಲುಗಳನ್ನು ತಂದು, ಬಾಚಿ ಉಳಿಗಳಲ್ಲೇ ಕೆತ್ತಿದ್ದ. ಮೊಳೆಯಿಲ್ಲ, ಅಂಟಿಲ್ಲ. ಹಸಿ ಕಾಲಿನ ತೂತಿಗೆ ಒಣಗಿದ ಪಟ್ಟಿ ಸೇರಿಸಿದರೆ, ಕಾಲು ಒಣಗುತ್ತಾ ಕುಗ್ಗಿ ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆ. ಆನೆ ಎಳೆದರೂ ಬಿಚ್ಚದು ಎಂದು ಬೀದಿಗೆಲ್ಲ ಹೇಳಿಕೊಂಡಿದ್ದ.

ಪಕ್ಕದ ಮನೆಯ ದೊಡ್ಡಮ್ಮ ಎಣ್ಣೆಯ ಗಿಂಡಿಯೊಂದಿಗೆ ಓಡಿಬಂದು, ಮಗುವಿನ ಕಿವಿಗಳನ್ನು ಬಜ್ಜಿಯಂತೆ ಎಣ್ಣೆಯಲ್ಲಿ ತೋಯಿಸಿದರು. ತಲೆಯನ್ನು ಹಿಂದಕ್ಕೆ ತಳ್ಳಿದರೂ ಸಂದಿನಲ್ಲಿ ತೂರಲಿಲ್ಲ. ಎದುರು ಮನೆಯ ದರ್ಜಿ ಟೇಪು ಹಿಡಿದು ತಲೆ ಅಳೆದ, ಸಂದು ಅಳೆದ, ತಲೆಯೇ ದೊಡ್ಡದು ಎಂದು ತೀರ್ಪು ಕೊಟ್ಟ. ಮತ್ತೆ ಹೇಗೆ ತೂರಿತು ಎಂದು ಬಡಗಿ ಕೇಳಿದ.

"ಹಸಿ ಮರ ಕುಗ್ಗುತ್ತೆ ಅಂತ ನೀನೇ ಹೇಳಿದ್ದಲ್ಲಪ್ಪ. ಮಗು ತೂರಿದ್ಮೇಲೆ ಕುಗ್ಗಿದೆ. ಬಿಸಿಲೇರಿದ್ರೆ ಇನ್ನೂ ಬಿಗಿಯುತ್ತೆ" ಎಂದ ದರ್ಜಿ.

ಮರ ಹಾಗೆ ಗಳಿಗೆಯಲ್ಲಿ ಕುಗ್ಗುವುದಿಲ್ಲ ಎಂಬುದು ಬಡಗಿಗೆ ಗೊತ್ತಿತ್ತು. ಮಗಳ ಕತ್ತು ಕಂಡ ಅಪ್ಪನಿಗೆ ಗೊತ್ತಿರಲಿಲ್ಲ. ಕುರ್ಚಿಯನ್ನು ಮಗುವಿನ ಸಮೇತ ನೆರಳಿಗೆ ಹೊತ್ತರು, ಒದ್ದೆ ಗೋಣಿ ಹೊದಿಸಿದರು, ಕೊಡಗಟ್ಟಲೆ ನೀರು ಸುರಿದರು. ಮಗಳು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ದೊಡ್ಡಮ್ಮ, "ಸುಮ್ನಿರು ಪುಟ್ಟಿ, ಮಾತಾಡಿದ್ರೆ ಕತ್ತು ಉಬ್ಬುತ್ತೆ" ಎಂದು ಗದರಿದರು.

ಕೊನೆಗೆ ಬಡಗಿ ಕಣ್ಣೊರೆಸಿಕೊಂಡು, ತಾನು ಕೂರಿಸಿದ ಮೇಲಿನ ಪಟ್ಟಿಯನ್ನು ತಾನೇ ಗರಗಸದಿಂದ ಕೊಯ್ದ.

ಅಷ್ಟರಲ್ಲಿ ನರ್ಸಮ್ಮ ಬಂದರು. ಮಗುವಿನ ಕತ್ತು ತಡವಿ ನೋಡಿ, ನೀರಿಳಿಯುವ ಮುರುಕು ಕುರ್ಚಿಯಲ್ಲೇ ಅವಳನ್ನು ತೊಡೆಗೆ ಹಾಕಿಕೊಂಡು ಕೂತರು. ನಿಮಗೆ ಕೊಡಲು ಏನೂ ಉಳಿಯಲಿಲ್ಲ ಎಂದು ಬಡಗಿ ತಲೆ ತಗ್ಗಿಸಿದ.

"ಇವಳು ಉಸಿರಾಡ್ತಿದಾಳಲ್ಲಪ್ಪ. ಆವತ್ತೂ ನಂಗೆ ಬೇಕಾಗಿದ್ದು ಅಷ್ಟೇ. ಈ ಕುರ್ಚೀನ ಹೀಗೇ ಬಸ್ಸಿಗೇರಿಸು."

ಬಡಗಿ ಕೈಮುಗಿದ. ದೊಡ್ಡಮ್ಮನಿಗೆ ಮುಗಿದ, ದರ್ಜಿಗೂ ಮುಗಿದ. ಇಂಥ ನೆರೆಹೊರೆ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದ.

ಈಗ ಯಾರೂ ಗದರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಮಗಳು ಕೇಳಿದಳು:

"ಅಪ್ಪಾ, ನಾನು ಮೊದ್ಲು ಕಾಲು ತೂರಿಸಿದ್ದು. ತಲೆ ತೂರ್ಲೇ ಇಲ್ಲ, ಈ ಕಡೇನೇ ಇತ್ತು. ನನ್ನನ್ನ ಈ ಕಡೆಗೆ ಎಳ್ಕೊಳ್ಳೋದು ಬಿಟ್ಟು, ಎಲ್ರೂ ತಲೇನ ಆ ಕಡೆಗೆ ಯಾಕೆ ತಳ್ತಿದ್ರಿ?"