ಕೆಂಪು ದಾರ ಕಟ್ಟಿದ ಬೇರು

ನಮ್ಮ ಯಜಮಾನರು ಗಿಡದ ಹುಚ್ಚು ಬಿಟ್ಟರು ಅಂತ ಖುಷಿಪಟ್ಟಿದ್ದೇ ನನ್ನ ತಪ್ಪು ಕಣ್ರೀ. ಹೋದ ವರ್ಷ ಅವರ ಬ್ರಾಕೊಲಿ ಕಿತ್ತು ಕೊತ್ತಂಬರಿ ಹಾಕಿ, ‘ಇನ್ನೊಂದು ಫಾರಿನ್ ಗಿಡ ಈ ಹಿತ್ತಲಿಗೆ ಬಂದರೆ ನಂಜನಗೂಡಿಗೇ ನಮಸ್ಕಾರ, ನಾನು ಬನ್ನೂರಿಗೆ, ತವರಿಗೆ’ ಅಂದಿದ್ದೆ. ಆಮೇಲೆ ಮನುಷ್ಯ ಗಿಡದ ಮಾತೇ ಎತ್ತಲಿಲ್ಲ. ಈಚೆಗೆ ದಿನಾ ಮುಸ್ಸಂಜೆ ಹಿತ್ತಲ ಮೂಲೆಯಲ್ಲಿ, ಪಕ್ಕದ ಮನೆ ರುದ್ರಮ್ಮನ ಗೋಡೆಗೆ ಮುಖಮಾಡಿ ಕುಕ್ಕರುಗಾಲಲ್ಲಿ ಕೂತು, ಬರಿ ಮಣ್ಣಿಗೆ ‘ಬಾ, ಬಾ, ಮೇಲೆ ಬಾ’ ಅಂತ ಪಿಸುಗುಟ್ಟುತ್ತಿದ್ದರು. ಕರೆದರೆ ಬೆಚ್ಚಿಬೀಳುತ್ತಿದ್ದರು. ನನ್ನ ಗಂಡ ನನಗೆ ಉಳಿಯುವುದಿಲ್ಲ ಅನ್ನಿಸಿತು.

ಅಮಾವಾಸ್ಯೆಯ ಮಟಮಟ ಮಧ್ಯಾಹ್ನ, ಅವರು ಆಫೀಸಿನಲ್ಲಿದ್ದಾಗ, ಆ ಮೂಲೆ ಅಗೆದೆ. ಬೆಳ್ಳಗೆ, ಗಂಟುಗಂಟಾಗಿ, ಹೆಣದ ಬೆರಳಿನಂಥ ಬೇರು. ತುದಿಗೆ ಕೆಂಪು ದಾರ! ಅತ್ತೆಯನ್ನು ಕೂಗಿದೆ.

“ಮಾಟ ಕಣವ್ವಾ,” ಅಂದರು ಅತ್ತೆ ಕೆಂಪಾಜಮ್ಮ, ದೂರದಿಂದಲೇ (ಇಂಥ ವಿಷಯದಲ್ಲಿ ಮಾತ್ರ ಅವರು ಸೊಸೆಯನ್ನು ಮುಂದೆ ಬಿಡುತ್ತಾರೆ). “ರುದ್ರಿದೇ ಕೆಲ್ಸ. ಮೋರಿ ಜಗಳ ಇನ್ನೂ ಮರ್ತಿಲ್ಲ ಅವ್ಳು. ತುಂಡು ಮಾಡಿ ಅವ್ಳ ಇತ್ಲಲ್ಲೇ ಊತ್ಬುಡು.”

ಈಳಿಗೆಮಣೆ ಮೇಲೆ ಹೆಚ್ಚಿದೆ. ಬೇರು ಸುಮ್ಮನಿರಲಿಲ್ಲ. ಮೂಗಿಗೆ ಬೆಂಕಿ ನುಗ್ಗಿ ನೆತ್ತಿಗೇರಿತು. ಕಣ್ಣಲ್ಲಿ ಧಾರಾಕಾರ, ಕೈಯೆಲ್ಲ ಉರಿ. ಅತ್ತೆ ಬಾಗಿಲು ಹಾಕಿಕೊಂಡರು. ಬೀದಿಯೆಲ್ಲ ಉಂಡು ಮಲಗಿದ್ದ ಹೊತ್ತಲ್ಲಿ ಗೋಡೆ ಹತ್ತಿಳಿದು, ತುಂಡುಗಳನ್ನು ಅಲ್ಲಲ್ಲಿ ಹೂತು, ತಿರುಗಿ ನೋಡದೆ ಬಂದೆ.

ಸಂಜೆ ಯಜಮಾನರು ಬರಿ ಗುಂಡಿ ಕಂಡು ಅತ್ತೇಬಿಟ್ಟರು.

“ನನ್ ಹಾರ್ಸ್‌ರಾಡಿಶ್! ಫಾರಿನ್ ಮೂಲಂಗಿ ಕಣೇ, ಹೆಚ್ಚಿದ್ರೆ ಸಾಸಿವೆಗಿಂತ ಘಾಟು, ನಿನಗೆ ಹೆದ್ರಿ ಕದ್ದು ನೆಟ್ಟಿದ್ದೆ. ತಲೆ ಯಾವ್ದು ಬುಡ ಯಾವ್ದು ಗೊತ್ತಾಗ್ಲಿ ಅಂತ ದಾರ ಬೇರೆ ಕಟ್ಟಿದ್ದೆ. ಒಂದು ಚೂರು ಉಳಿದ್ರೂ ಸಾಯಲ್ಲ ಅದು!”

“ಹೆಗ್ಗಣ ಹೊತ್ಕೊಂಡು ಹೋಗಿರ್ಬೇಕು,” ಅಂದೆ.

ಅದು ಸಾಯಲಿಲ್ಲ. ರುದ್ರಮ್ಮನ ಹಿತ್ತಲ ತುಂಬ ಉದ್ದುದ್ದ ಎಲೆಗಳು ನೆಲ ಸೀಳಿಕೊಂಡು ಎದ್ದವು. ‘ಹೆಗ್ಗಣವೇ ಬಿತ್ತಿದೆ’ ಅಂತ ನಂಬಿದ ಯಜಮಾನರು ಈಗ ಬೆಳಗ್ಗೆ ಸಂಜೆ ಅಲ್ಲೇ, ನೀರಿನ ಕ್ಯಾನು ಹಿಡಿದು. ಕಾಫಿಯೂ ಅಲ್ಲೇ.

ನಿನ್ನೆ ರುದ್ರಮ್ಮ ಗೋಡೆ ಮೇಲಿಂದ ತಲೆ ಹಾಕಿದಳು. ಮುಖ ಬಿಳಿಚಿತ್ತು.

“ಶಾಲಿನಕ್ಕಾ, ಫಾರಿನ್ ಗೆಡ್ಡೆ ಅಂತಾರೆ ನಿಮ್ಮೋರು. ಫಾರಿನ್‌ದು ನನ್ ಇತ್ಲಿಗೆ ಯಾಕ್ ಬಂದದು? ಕಿತ್ತಷ್ಟೂ ಬತ್ತದೆ. ಯಾರೋ ಮಾಟ ಮಾಡಿ ಊತವ್ರೆ ಕಣಕ್ಕಾ. ನಿಮ್ ಯಜಮಾನ್ರು ಬಂದು ಕೂತ್ಕೊಳೋದ್ರಿಂದ ವಸಿ ಧೈರ್ಯ. ಮಾಡ್ದೋರ ಕೈ ಸೇದೋಗ! ನೀನೂ ಒಂದ್ ಶಾಪ ಹಾಕಕ್ಕಾ.”

ತಣ್ಣಗಾಗಿದ್ದ ಕೈ ಮತ್ತೆ ಚುರುಗುಟ್ಟಿತು.

“ಸೇದೋಗ್ಲಿ,” ಅಂದೆ, ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು.